ಅಟ್ಟದ ಕೆಳಗಿನ ತರ್ಕ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅವರ ತೊಲೆಯನ್ನು. ಇದು ಒಳ್ಳೆಯ ಅಭ್ಯಾಸವಲ್ಲವೆಂದು ನನಗೂ ಗೊತ್ತು. ಈಚೆಗೆ ನನ್ನ ಮೈದುನನಿಗೆ ಹೆಣ್ಣು ನೋಡಲು ಅಮ್ಮಸಂದ್ರದ ಕಡೆಗೆ ಹೋಗಿದ್ದೆವು. ಹುಡುಗಿ ಕಾಫಿ ತಟ್ಟೆ ಹಿಡಿದು ಬಂದು ನನ್ನ ಮುಂದೆ ಬಗ್ಗಿ ನಿಂತಿದ್ದಾಳೆ, ನಾನು ಕತ್ತೆತ್ತಿ ಸೂರು ನೋಡುತ್ತಾ ಕೂತಿದ್ದೇನೆ. ಹುಡುಗಿಯ ತಾಯಿಗೆ ಇದು ಗಂಡಿನ ಕಡೆಯವರ ಗತ್ತು ಎನ್ನಿಸಿರಬೇಕು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮತ್ತೆ, "ಹುಡ್ಗಿ ಹೆಂಗವ್ಳೆ?" ಎಂದು ಕೇಳಿದರು. ನನಗೆ ಹುಡುಗಿಯ ಮೂಗು ನೀಳವೋ ಮೊಂಡೋ ಜ್ಞಾಪಕವಿರಲಿಲ್ಲ. ಕಾಂಕ್ರೀಟು ಸೂರಿನ ಮೋಲ್ಡ್ ಮನೆ, ಎಲ್ಲಿಯೂ ತೊಲೆ ಇಲ್ಲ ಎನ್ನುವುದು ಮಾತ್ರ ಚೆನ್ನಾಗಿ ಜ್ಞಾಪಕವಿತ್ತು. "ಒಳ್ಳೇ ಸಂಬಂಧ" ಅಂದೆ.

ಇದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಮನೆಯ ಕೊಬ್ಬರಿ ಅಟ್ಟ ಕುಸಿಯಿತು. ಕುಸಿಯುವುದಕ್ಕೆ ಸ್ವಲ್ಪ ಮುಂಚೆ, ಅದು ಕುಸಿಯುತ್ತದೆ ಎಂದು ನನಗೆ ಹೊಳೆಯಿತು. ಅದರ ನೇರ ಕೆಳಗೆ ಬೆಂಚಿನ ಮೇಲೆ ಕಾಲು ಮಡಿಚಿ ಕೂತಿದ್ದ ನಮ್ಮ ಮಾವನನ್ನು ಅಲ್ಲಿಂದ ಏಳಿಸುವುದು ಹೇಗೆ ಎನ್ನುವುದು ಮಾತ್ರ ಹೊಳೆಯಲಿಲ್ಲ. ಆ ನಡುವಿನ ಹೊತ್ತಿನಲ್ಲಿ ನಾನು ಇವತ್ತಿಗೂ ಸಿಕ್ಕಿಕೊಂಡಿದ್ದೇನೆ. ಸಾರಿಗೆ ಹುಣಿಸೆಹಣ್ಣು ಕಿವುಚುವಾಗ, ತುರುವೇಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ, ಯಾರದೋ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗ, ಅಲ್ಲಿಗೆ ಹೋಗಿ ಬರುತ್ತೇನೆ. ಹೋಗಿ ಬಂದು ದಣಿವಾಗಿದೆ.

ನಾನು ತಿಪಟೂರಿನಲ್ಲಿ ಬಿ.ಎ. ಓದಿದವಳು. ತರ್ಕಶಾಸ್ತ್ರ ಒಂದು ವಿಷಯವಾಗಿತ್ತು. ನಮಗೆ ಅದನ್ನು ಕಲಿಸುತ್ತಿದ್ದ ಮೇಷ್ಟ್ರು, "ಕಣ್ಣು ಬಿಟ್ಟು ನೋಡಿ, ಕೂತು ಯೋಚನೆ ಮಾಡಿ, ಹೊಸ ವಿಚಾರ ತಾನಾಗಿ ಹುಟ್ಟುತ್ತೆ" ಎನ್ನುತ್ತಿದ್ದರು. ಹುಟ್ಟಿದ ಮೇಲೆ ಅದನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು, ಯಾರ ಮಡಿಲಿಗೆ ಹಾಕಬೇಕು ಎಂದು ಅವರು ಹೇಳಲಿಲ್ಲ. ಬಹುಶಃ ಅದು ಸಿಲಬಸ್ಸಿನಲ್ಲಿರಲಿಲ್ಲ. ಇನ್ನೊಂದನ್ನೂ ಅವರು ಹೇಳಲಿಲ್ಲ: ಗಮನಿಸುವುದು ಒಮ್ಮೆ ಶುರುವಾದರೆ ಅದನ್ನು ಆರಿಸಲು ಸ್ವಿಚ್ಚಿಲ್ಲ.

ಅಟ್ಟದ ವಿಚಾರ ನಮ್ಮ ಸೀಮೆಯ ಆಚೆಯವರಿಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಬಲಿತ ತೆಂಗಿನಕಾಯಿಯನ್ನು ಸುಲಿಯದೆ, ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ತೊಲೆಗಳ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಮಾಡಿದ ಅಟ್ಟ. ಕೆಳಗೆ ಒಲೆ ಉರಿಯುತ್ತದೆ, ಹೊಗೆ ದಬ್ಬೆಗಳ ಸಂದಿನಿಂದ ಮೇಲೇರುತ್ತದೆ, ಕಾಯಿ ತನ್ನ ಪಾಡಿಗೆ ತಾನು ವರ್ಷವಿಡೀ ಮಲಗಿರುತ್ತದೆ. ನಿಧಾನವಾಗಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಒಂದು ದಿನ ಅಲ್ಲಾಡಿಸಿದರೆ ಒಳಗೆ ಗೋಲಿಯಂತೆ ಉರುಳುತ್ತದೆ. ಆಗ ಅದು ಕೊಬ್ಬರಿ. ಈ ಪವಾಡದಲ್ಲಿ ಮನುಷ್ಯರ ಪಾಲು ಇಷ್ಟೇ: ಏರಿಸುವುದು, ಮರೆಯುವುದು, ಇಳಿಸುವುದು.

ತುಂಬಿದ ಅಟ್ಟ ಮನೆಯ ಮಾನ. ಖಾಲಿ ಅಟ್ಟದ ಕೆಳಗೆ ಗಟ್ಟಿಯಾಗಿ ಮಾತಾಡಲೂ ನಮ್ಮ ಗಂಡಸರು ಹಿಂಜರಿಯುತ್ತಾರೆ. ನನ್ನ ಮದುವೆಗೆ ಮುಂಚೆ ಕಂದಿಕೆರೆಯಿಂದ ನಮ್ಮಪ್ಪ ಬಂದು ಈ ಮನೆಯಲ್ಲಿ ಹುಡುಗನಿಗಿಂತ ಹೆಚ್ಚು ಹೊತ್ತು ಅಟ್ಟವನ್ನು ನೋಡಿದ್ದರಂತೆ. ಅಟ್ಟದ ಅಳತೆ ಯಾವತ್ತೂ ಎಣಿಕೆಯಲ್ಲಿ. "ನಮ್ದು ಇಷ್ಟು ಸಾವ್ರದ ಅಟ್ಟ" ಎನ್ನುತ್ತಾರೆ. ಆ ಸಂಖ್ಯೆಯನ್ನು ತಾತ ಮುತ್ತಾತಂದಿರು ಗೊತ್ತುಮಾಡಿ ಹೋಗಿರುತ್ತಾರೆ. ಅದಕ್ಕಿಂತ ಒಂದು ಕಾಯಿ ಹೆಚ್ಚಾದರೂ ಏರಿಸುವುದಿಲ್ಲ, ಕಡಿಮೆಯಾದರೂ ಒಪ್ಪುವುದಿಲ್ಲ. ಕಾಯಿ ಏರಿಸುವ ದಿನ ಏಣಿಯ ಬುಡದಲ್ಲಿ ನಿಂತು ಎಣಿಸುವುದು ನಮ್ಮ ಮಾವನ ಹಕ್ಕು. ಮಾವನ ಹೆಸರು ನಂಜುಂಡಪ್ಪ. ಎಣಿಸುವಾಗ ಅವರನ್ನು ಯಾರಾದರೂ ಮಾತಾಡಿಸಿದರೆ ಆ ಮನುಷ್ಯನ ಜೊತೆ ಸಂಜೆಯವರೆಗೆ ಮಾತು ಬಿಡುತ್ತಿದ್ದರು.

ಈಗ ಬಾಗಿಲಿನ ವಿಚಾರ. ನಮ್ಮ ಅಟ್ಟ ನಡುಮನೆ, ಅಡುಗೆಮನೆ ಎರಡರ ಮೇಲೂ ಹಬ್ಬಿತ್ತು; ಆ ಎರಡರ ನಡುವೆ ಒಂದು ಹಳೆಯ ಬಾಗಿಲಿತ್ತು. ಅದರ ಚೌಕಟ್ಟಿನ ನೆತ್ತಿ ನೇರವಾಗಿ ಅಟ್ಟದ ನಡುತೊಲೆಗೆ ತಾಗಿಕೊಂಡಿತ್ತು, ನಡುವೆ ಗೋಡೆ ಇರಲಿಲ್ಲ. ನಾನು ಮದುವೆಯಾಗಿ ಬಂದ ವರ್ಷ ಮಳೆಗಾಲದಲ್ಲಿ ಆ ಬಾಗಿಲು ಬಿಗಿಯಾಯಿತು. ಹೆಗಲು ಕೊಟ್ಟು ನೂಕಿದರೆ ತೆರೆಯುತ್ತಿತ್ತು, ಹಾಕಲು ಇಬ್ಬರು ಬೇಕಿತ್ತು. ತುರುವೇಕೆರೆಯಿಂದ ಮರಗೆಲಸದ ಬುಡೇನ್ ಸಾಬರು ಬಂದರು. ಬಾಗಿಲಿನ ನೆತ್ತಿಯನ್ನು ಉಜ್ಜುಗೊರಡಿನಿಂದ ಹೆರೆದು, ಎಲೆಡಿಕೆ ಹಾಕಿಕೊಂಡು, "ಮಳೆಗೆ ಮರ ಉಬ್ತದೆ ಅಕ್ಕಾರೇ" ಎಂದು ಹೇಳಿ ಹೋದರು. ಮಾರನೆಯ ವರ್ಷವೂ ಮಳೆ ಬಂತು, ಮರ ಉಬ್ಬಿತು, ಸಾಬರು ಬಂದರು. ಅದರ ಮಾರನೆಯ ವರ್ಷವೂ. ಅವರು ನಮ್ಮ ಮನೆಗೆ ಹಬ್ಬದ ಹಾಗೆ ಬರುತ್ತಿದ್ದರು. ಹೀಗೆ ಹೆರೆಸಿಕೊಂಡು ಹೆರೆಸಿಕೊಂಡು ಬೇಸಿಗೆಯಲ್ಲಿ ಆ ಬಾಗಿಲು ಬೇರೆಯವರ ಅಂಗಿ ತೊಟ್ಟ ಹುಡುಗನಂತೆ ಕಾಣುತ್ತಿತ್ತು. ನೆತ್ತಿಯ ಮೇಲಿನ ಸಂದಿನಲ್ಲಿ ಹಲ್ಲಿಗಳು ರಾಜಮಾರ್ಗ ಮಾಡಿಕೊಂಡಿದ್ದವು.

ಆ ಸಂದನ್ನು ನಾನು ಎಷ್ಟೋ ಸಲ ನೋಡಿದ್ದೆ. ನೋಡುವುದು ಬೇರೆ, ಗಮನಿಸುವುದು ಬೇರೆ ಎಂದು ಬರೆಯಬಹುದು, ಚೆನ್ನಾಗಿಯೂ ಕೇಳುತ್ತದೆ. ನಿಜ ಹೇಳಬೇಕೆಂದರೆ ನಾನು ಗಮನಿಸಿಯೂ ಇದ್ದೆ. ಮಳೆ ನಿಂತ ಕೂಡಲೆ ಬಾಗಿಲು ಸಡಿಲವಾಗುತ್ತಿರಲಿಲ್ಲ. ದೀಪಾವಳಿ ಕಳೆದು ನೆಲ ಒಣಗಿ ಧೂಳೆದ್ದರೂ ಅದು ಬಿಗಿಯಾಗಿಯೇ ಇರುತ್ತಿತ್ತು. ತಿಂಗಳುಗಳ ಮೇಲೆ, ಯಾರೂ ಮುಟ್ಟದೆ, ದಿನಕ್ಕೆ ಒಂದು ಕೂದಲೆಳೆಯಷ್ಟು ಸಡಿಲವಾಗುತ್ತಾ ಹೋಗುತ್ತಿತ್ತು. ಮಳೆಯ ದೋಷವಾಗಿದ್ದರೆ ಮಳೆಯ ಜೊತೆ ಹೋಗಬೇಕಿತ್ತಲ್ಲ ಎಂದು ಒಂದು ಅನುಮಾನ ತಲೆಯ ಮೂಲೆಯಲ್ಲಿ ಕೂತಿತ್ತು. ಆದರೆ ಮನೆಗೆಲಸದ ನಡುವೆ ಬಾಗಿಲಿನ ಮೇಲೆ ಅನುಮಾನ ಪಡುತ್ತಾ ಕೂರುವ ಸೊಸೆಯನ್ನು ಯಾರು ಮೆಚ್ಚುತ್ತಾರೆ?

ನಮ್ಮ ಹಳೆಯ ತಾರ್ಕಿಕರಿಗೆ ಅಡುಗೆಮನೆಯ ಮೇಲೆ ಬಹಳ ಪ್ರೀತಿ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿಯಿದೆ. ಯಾಕೆ? ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ. ಎಲ್ಲಿ ನೋಡಿದ್ದೀ? ಅಡುಗೆಮನೆಯಲ್ಲಿ. ಶತಮಾನಗಳಿಂದ ಪಂಡಿತರು ಈ ಒಂದು ಅಡುಗೆಮನೆಯನ್ನು ಉದಾಹರಣೆಗೆ ಎಳೆದು ತರುತ್ತಿದ್ದಾರೆ. ಹೊಗೆ ಕಂಡರು, ಬೆಂಕಿ ಕಂಡರು. ಆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಒಲೆ ಊದುತ್ತಿದ್ದವಳನ್ನು ಮಾತ್ರ ಅವರಲ್ಲಿ ಯಾರೂ ಕಂಡಂತಿಲ್ಲ. ಕಂಡಿದ್ದರೆ ಅವಳನ್ನು ಒಂದು ಮಾತು ಕೇಳಬಹುದಿತ್ತು. ಅವಳಿಗೆ ಉದಾಹರಣೆಗಳ ಕೊರತೆ ಇರಲಿಲ್ಲ.

ಅದೇ ತಾರ್ಕಿಕರು ಒಂದು ಒಳ್ಳೆಯ ಉಪಾಯವನ್ನೂ ಹೇಳಿದ್ದಾರೆ. ಎರಡು ಸಂಗತಿಗಳು ಜೊತೆಯಲ್ಲಿ ಬರುವುದನ್ನು ಎಷ್ಟು ಸಲ ಕಂಡರೂ ಸಾಲದು. ಒಂದು ಇಲ್ಲದಿದ್ದಾಗ ಇನ್ನೊಂದು ಇರುತ್ತದೆಯೇ ಎಂದೂ ನೋಡಬೇಕು. ಬಾಗಿಲು ಬಿಗಿಯಾಗುವುದು ಮಳೆಗಾಲದಲ್ಲಿ. ನಮ್ಮ ಮನೆಯಲ್ಲಿ ಹೊಸ ಕಾಯಿ ಅಟ್ಟಕ್ಕೇರುವುದೂ ಮಳೆಗಾಲದಲ್ಲೇ. ಎರಡೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದವು. ಬಾಗಿಲನ್ನು ಬಿಗಿ ಮಾಡುತ್ತಿದ್ದದ್ದು ಮಳೆಯೋ ಕಾಯಿಯೋ ಎಂದು ತಿಳಿಯಬೇಕಾದರೆ ಎರಡರಲ್ಲಿ ಒಂದು ಬಸ್ಸು ತಪ್ಪಿಸಿಕೊಳ್ಳಬೇಕಿತ್ತು. ಅಟ್ಟ ಕುಸಿದ ವರ್ಷ ಮಳೆ ಬಸ್ಸು ತಪ್ಪಿಸಿಕೊಂಡಿತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಕೊಬ್ಬರಿಗೆ ಒಳ್ಳೆಯ ಬೆಲೆ ಬಂತೆಂದು ಮಾವ ಅಟ್ಟವನ್ನು ಪೂರ್ತಿ ಇಳಿಸಿ ತಿಪಟೂರಿನ ಮಂಡಿಗೆ ಹಾಕಿದರು. ಅಟ್ಟ ಬರಿದಾಯಿತು. ಮಾವ ನಡುಮನೆಗೆ ಬರುವಾಗಲೆಲ್ಲ ಮೇಲೆ ನೋಡಿ ಮುಖ ಸಣ್ಣದು ಮಾಡಿಕೊಳ್ಳುವರು. ಪಕ್ಕದ ತೋಟದ ಮರುಳಪ್ಪನವರು, ಮಾವನ ಜೊತೆ ಒಂದೇ ಶಾಲೆಯಲ್ಲಿ ಪೆಟ್ಟು ತಿಂದವರು, ಒಂದು ದಿನ ಬಂದು, "ಏನ್ಲಾ ನಂಜುಂಡ, ನಿಮ್ಮನೇಲಿ ಮಾತಾಡಿದ್ರೆ ಗುಡೀಲಿ ಮಾತಾಡ್ದಂಗೆ ಗುಂಯ್ ಅಂತೈತೆ" ಎಂದರು. ಸಾಕಾಯಿತು. ಮಳೆಗಾಲದವರೆಗೆ ಕಾಯುವ ತಾಳ್ಮೆ ಮಾವನಿಗೆ ಉಳಿಯಲಿಲ್ಲ. ಸುತ್ತಲ ತೋಟಗಳಿಂದ ಆಗತಾನೆ ಕಿತ್ತ ಹಸಿಕಾಯಿಯನ್ನು ಕೊಂಡು ಟ್ರ್ಯಾಕ್ಟರಿನಲ್ಲಿ ತರಿಸಿದರು. ಬೇರೆ ವರ್ಷಗಳಲ್ಲಿ ಹೊಸ ಕಾಯಿ ಏರುವಾಗ ಅಟ್ಟದ ಅರ್ಧದಷ್ಟು ಹಳೆಯ ಒಣಗಾಯಿ ಇರುತ್ತಿತ್ತು. ಈ ಸಲ ಎಲ್ಲವೂ ಹಸಿ. ಎಣಿಕೆ ಮಾತ್ರ ಅಜ್ಜನ ಕಾಲದ್ದೇ. ಏಣಿಯ ಬುಡದಲ್ಲಿ ನಿಂತು ಮಾವ ಒಂದೊಂದನ್ನೂ ಎಣಿಸಿದರು.

ಕಾಯಿ ಏರಿ ಮುಗಿದ ಒಂದೆರಡು ದಿನಕ್ಕೆ ಬಾಗಿಲು ಬಿಗಿಯಾಯಿತು. ಕಲ್ಲು ಕಾಯ್ದು ಬರಿಗಾಲು ಸುಡುವ ಬಿಸಿಲು, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ, ಬಾಗಿಲು ಮಾತ್ರ ಶ್ರಾವಣದಂತೆ ಬಿಗಿ. ಸಾಬರಿಗೆ ಹೇಳಿಕಳಿಸಿದೆವು.

ಸಾಬರು ಬಂದ ದಿನ ಅತ್ತೆ ನೆಂಟರ ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು. ನಮ್ಮವರು ತುರುವೇಕೆರೆಯ ಗೊಬ್ಬರದ ಅಂಗಡಿಯಲ್ಲಿದ್ದರು. ಊಟವಾಗಿತ್ತು. ಮಾವ ನಡುಮನೆಯ ಬೆಂಚಿನ ಮೇಲೆ ಪೇಪರು ಹರಡಿಕೊಂಡು ಕೂತಿದ್ದರು. ಅಟ್ಟದ ಕೆಳಗೆ ಯಾವಾಗಲೂ ತಂಪು. ಸಾಬರು ಬಾಗಿಲಿನ ಬಳಿ ಸ್ಟೂಲು ಹಾಕಿಕೊಂಡು ನೆತ್ತಿಗೆ ಉಳಿ ಇಟ್ಟಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದೆ.

"ಈಗ ಮಳೆ ಇಲ್ವಲ್ಲ ಸಾಬ್ರೇ, ಹೆಂಗೆ ಬಿಗಿಯಾಯ್ತು?" ಎಂದೆ.

"ಮರ ಅಲ್ವಾ ಅಕ್ಕಾರೇ, ಅದ್ಕೂ ಜೀವ ಐತೆ. ಮಳೆಗೂ ಉಬ್ತದೆ, ಸೆಕೆಗೂ ಉಬ್ತದೆ."

ಪೇಪರಿನಿಂದ ತಲೆ ಎತ್ತದೆ ಮಾವ ಅಂದರು, "ಮನ್ಸರೂ ಹಂಗೇಯ ಕಣಪ್ಪ. ನಮ್ಮ ಸೊಸೆ ನೋಡು, ಓದಿ ಉಬ್ಬವ್ಳೆ."

ಇಬ್ಬರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ತಲೆಯೊಳಗೆ ಏನೋ ಒಂದು ಕೊಬ್ಬರಿಯಂತೆ ಚಿಪ್ಪಿನಿಂದ ಬಿಟ್ಟುಕೊಂಡು ಉರುಳಿತು. ಮಳೆಯಿಲ್ಲ, ಬಾಗಿಲು ಬಿಗಿ. ಹಾಗಾದರೆ ಮಳೆಯಲ್ಲ. ಕಾಯಿ ಏರಿದೆ, ಬಾಗಿಲು ಬಿಗಿ. ಕಾಯಿ ಒಣಗುತ್ತಾ ಹೋದ ಹಾಗೆ ಬಾಗಿಲು ಸಡಿಲ. ಇಷ್ಟು ವರ್ಷ ನಾವು ಬಾಗಿಲೆಂದುಕೊಂಡು ಹೆರೆಯುತ್ತಿದ್ದದ್ದು ಒಂದು ತಕ್ಕಡಿಯನ್ನು. ಮೇಲಿನ ತೊಲೆ ಬಗ್ಗುತ್ತಿತ್ತು, ಅದಕ್ಕೆ ಜಾಗ ಮಾಡಿಕೊಡಲು ನಾವು ಬಾಗಿಲನ್ನು ಕಡಿಮೆ ಮಾಡುತ್ತಿದ್ದೆವು. ತಲೆನೋವೆಂದರೆ ಪೇಟವನ್ನು ಕತ್ತರಿಸಿದ ಹಾಗೆ.

ತಲೆ ಎತ್ತಿ ತೊಲೆಯನ್ನು ನೋಡಿದೆ. ಮೂರು ತಲೆಮಾರಿನ ಹೊಗೆ ಕುಡಿದು ಕಾಡಿಗೆಯಂತೆ ಕಪ್ಪಾದ ತೊಲೆ. ಆ ಕಪ್ಪಿನ ನಡುವೆ ದಾರದಷ್ಟು ಸಣ್ಣ ಒಂದು ಗೆರೆ, ಹಳದಿ, ಈಗ ತಾನೆ ಸೀಳಿದ ಸೌದೆಯ ಬಣ್ಣ. ಬೆಳಗ್ಗೆ ಅಲ್ಲಿ ಅದಿರಲಿಲ್ಲ.

"ಮಾವ, ತೊಲೆ ಬಗ್ಗೈತೆ. ಒಂಚೂರು ಆಚೆ ಬನ್ನಿ."

"ಹೊತ್ತೋನು ಬಗ್ದೆ ಏನಮ್ಮ ಮಾಡ್ತಾನೆ? ನಮ್ಮಜ್ಜ ಹಾಕ್ಸಿದ ತೊಲೆ ಅದು."

"ಬಿರುಕು ಬಿಟ್ಟೈತೆ ಮಾವ, ನೋಡಿ ಇಲ್ಲಿ."

ಮಾವ ತೊಲೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಲೆಕ್ಕಕ್ಕಿಂತ ಒಂದು ಕಾಯಿ ಹೆಚ್ಗೆ ಹಾಕ್ಸಿಲ್ಲ ಕಣಮ್ಮ. ನಾನೇ ನಿಂತು ಎಣಿಸಿವ್ನಿ."

"ಕಾಯಿ ಅಷ್ಟೇ ಮಾವ. ನೀರು ಹೆಚ್ಚಾಗೈತೆ."

"ಬುಡು, ಅಟ್ಟಕ್ಕೆ ಯಾರಾನಾ ನೀರು ತುಂಬ್ತಾರಾ?" ಎಂದು ಮಾವ ಸಾಬರ ಕಡೆ ನೋಡಿದರು. ಸಾಬರು ಉಳಿಯನ್ನು ಕಿವಿಗೆ ಸಿಕ್ಕಿಸುವವರಂತೆ ಎತ್ತಿ ಹಿಡಿದು ನಗೆ ತಡೆದುಕೊಂಡರು.

ನನ್ನ ಜೀವನದಲ್ಲಿ ನಾನಾಡಿದ ಅತ್ಯಂತ ಸತ್ಯವಾದ ವಾಕ್ಯ ಅದು. ಒಣಗಿದ ಕಾಯಿಗಳಷ್ಟೇ ಹಸಿಕಾಯಿಗಳನ್ನು ಏರಿಸಿದರೆ, ಎಣಿಕೆ ಸರಿಯಿದ್ದೂ ಅಟ್ಟದ ಮೇಲೆ ಒಂದು ಸಣ್ಣ ಕಟ್ಟೆಯಷ್ಟು ನೀರು ಏರಿ ಕೂತಿರುತ್ತದೆ. ಇದನ್ನು ಬಿಡಿಸಿ ಹೇಳಲು ಒಂದು ಸ್ಲೇಟು, ಒಂದು ಬಳಪ, ಮತ್ತು ಕೇಳಬೇಕೆಂಬ ಮನಸ್ಸಿರುವ ಒಬ್ಬ ಮಾವ ಬೇಕು. ನನ್ನ ಹತ್ತಿರ ಮೂರೂ ಇರಲಿಲ್ಲ. ಅಷ್ಟರಲ್ಲಿ ಪೇಪರಿನ ಮೇಲೆ ಟಪ್ ಎಂದು ಒಂದು ಚೂರು ಮಸಿ ಬಿತ್ತು. ಮಾವ ಅದನ್ನು ಬೆರಳಲ್ಲಿ ಚಿಮ್ಮಿ, "ಹಲ್ಲಿ" ಎಂದರು. ಪುಟ ತಿರುವಿದರು.

ಕೈ ಹಿಡಿದು ಎಳೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ನಮ್ಮ ಕಡೆ ಸೊಸೆ ಮಾವನ ಕೈ ಹಿಡಿಯುವುದಿಲ್ಲ. ಹಿಡಿದಿದ್ದರೆ, "ಇವಳಿಗೇನಾಯ್ತು" ಎಂದು ಆಶ್ಚರ್ಯಪಡುತ್ತಲೇ ಅವರು ಇನ್ನಷ್ಟು ಹೊತ್ತು ಅಲ್ಲೇ ಕೂತಿರುತ್ತಿದ್ದರು. ನನ್ನ ಬಾಯಿಂದ ಬಂದದ್ದು ಬೇರೆಯೇ. ಅದು ಯಾವ ತರ್ಕದಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಿತ್ತಿಲ ಕಡೆ ಕೈ ಮಾಡಿ ಕೂಗಿದೆ:

"ಅಯ್ಯೋ ಮಾವ, ಮರುಳಪ್ಪನೋರ ಹಸ ತೋಟಕ್ಕೆ ನುಗ್ತು! ಎಳೇ ತೆಂಗಿನ ಸಸಿ ಎಲ್ಲಾ ಮೇಯ್ತಾ ಐತೆ!"

ಮಾವ ಎದ್ದರು ಎನ್ನುವುದು ಸರಿಯಾಗದು. ಪೇಪರು ಗಾಳಿಯಲ್ಲಿದ್ದಾಗಲೇ ಅವರು ಹಿತ್ತಿಲ ಬಾಗಿಲು ದಾಟಿದ್ದರು. "ಹೇ ಹೇ, ಯಾವನ್ಲಾ ಅವ್ನು, ಕಟ್ಟಾಕಾಗಲ್ವಾ!" ಎಂಬ ಕೂಗು ಅವರಿಗಿಂತ ಮುಂದೆ ಹೋಗಿತ್ತು. ಸಾಬರೂ ಉಳಿ ಹಿಡಿದುಕೊಂಡೇ ಸ್ಟೂಲಿನಿಂದ ಹಾರಿ "ಹೈ ಹೈ" ಎನ್ನುತ್ತಾ ಹಿಂದೆ ಓಡಿದರು. ನಾನು ಕೊನೆಯಲ್ಲಿ ಹೊರಬಿದ್ದೆ. ಪಾತ್ರೆ ಇನ್ನೂ ಕೈಯಲ್ಲೇ ಇತ್ತು.

ದೊಡ್ಡ ಸದ್ದು ಬರುವುದಕ್ಕೆ ಮುಂಚೆ ಒಂದು ಸಣ್ಣ ಸದ್ದು ಬಂತು. ಕೆಲಸ ಮುಗಿಸಿ ಕೂತವರು ಬಿಡುವ ಉಸಿರಿನಂಥದ್ದು. ಆಮೇಲೆ ಅಟ್ಟ ಬಿತ್ತು. ಹೆಂಚುಗಳ ನಡುವಿನಿಂದ ಧೂಳು ಎದ್ದಿತು. ಕಾಯಿಗಳು ಹಿತ್ತಿಲ ಬಾಗಿಲಿನಿಂದ ಒಂದರ ಹಿಂದೆ ಒಂದು ಉರುಳಿ ಹೊರಗೆ ಬಂದವು, ಊಟ ಮುಗಿಸಿ ಪಂಕ್ತಿಯಿಂದ ಎದ್ದ ನೆಂಟರಂತೆ, ಯಾವ ಅವಸರವೂ ಇಲ್ಲದೆ. ಒಂದು ಕಾಯಿ ಮಾವನ ಕಾಲಿಗೆ ಬಂದು ತಾಗಿ ನಿಂತಿತು. ಬೆಂಚು ಯಾವುದು, ದಬ್ಬೆ ಯಾವುದು ಎಂದು ಆಮೇಲೆ ಬಿಡಿಸಿ ನೋಡಿದರೂ ತಿಳಿಯಲಿಲ್ಲ.

ಸಾಬರು ಕೈಯಲ್ಲಿದ್ದ ಉಳಿಯನ್ನು ನೋಡುತ್ತಾ ನಿಂತಿದ್ದರು. ಮಾವ ನನ್ನ ಕಡೆ ತಿರುಗಿ ಕೇಳಿದರು:

"ಹಸ ಎಲ್ಲಮ್ಮ?"

ಮಾವ ತೋಟಕ್ಕೆ ಹೋಗಿ ಹುಡುಕಿದರು. ಅಟ್ಟ ಬಿದ್ದು ಧೂಳು ಇನ್ನೂ ಇಳಿಯದಿರುವಾಗ ಒಬ್ಬ ಮನುಷ್ಯ ಸಸಿಯಿಂದ ಸಸಿಗೆ ಹೋಗಿ ಎಲೆ ಮುಟ್ಟಿ ನೋಡುತ್ತಿದ್ದ. ವಾಪಸು ಬಂದು, "ಒಂದು ಸುಳೀನೂ ಮುಟ್ಟಿಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸಂಜೆಯ ಹೊತ್ತಿಗೆ ಊರಲ್ಲಿ ಕಥೆ ಸಿದ್ಧವಾಗಿತ್ತು. ಮನೆದೇವರ ಬಸವ ಹಸುವಿನ ರೂಪದಲ್ಲಿ ಬಂದು ನಂಜುಂಡಪ್ಪನನ್ನು ಹೊರಗೆ ಕರೆದ. ಮರುಳಪ್ಪನವರು ತಮ್ಮ ಹಸುವಿಗೆ ಅರಿಶಿನ ಕುಂಕುಮ ಇಟ್ಟು ಹೂವು ಮುಡಿಸಿದರು. ಅದಕ್ಕೆ ಕೊಟ್ಟಿಗೆಯಲ್ಲಿ ಕಟ್ಟಿದ ಹಗ್ಗವನ್ನು ಅಂದು ಬೆಳಗಿನಿಂದ ಯಾರೂ ಬಿಚ್ಚಿರಲಿಲ್ಲ ಎಂಬುದು ಪವಾಡಕ್ಕೆ ಇನ್ನಷ್ಟು ಬಲ ಕೊಟ್ಟಿತು. ಮದುವೆಯಿಂದ ಓಡಿಬಂದ ಅತ್ತೆ ಅಂಗಳದಲ್ಲಿ ನಿಂತು ಮೊದಲು ಕೇಳಿದ್ದು, "ಉಪ್ಪಿನಕಾಯಿ ಜಾಡಿ?" ಎಂದು. ಆಮೇಲೆ ನೆಲಕ್ಕೆ ಕುಸಿದು ಕೂತು ಅತ್ತರು.

ನಾಲ್ಕು ದಿನ ಬಿಟ್ಟು ನಾನು ಮಾವನಿಗೆ ನಿಜ ಹೇಳಿದೆ. "ಹಸ ಬಂದಿರಲಿಲ್ಲ ಮಾವ. ನಾನೇ ಸುಳ್ಳು ಕೂಗಿದ್ದು."

ಮಾವ ಶಾಂತವಾಗಿ ಕೇಳಿಸಿಕೊಂಡರು. "ನೀನು ಯಾಕಮ್ಮ ಸುಳ್ಳು ಹೇಳ್ತೀಯಾ? ಅವ್ನೇ ನಿನ್ ಬಾಯಾಗೆ ಹೇಳ್ಸವ್ನೆ."

ಇದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ. ಆದರೂ ನನಗೆ ನೆಮ್ಮದಿಯಿರಲಿಲ್ಲ. ಮೆಚ್ಚುಗೆ ಬರಲಿಲ್ಲವೆಂಬ ಬೇಸರ ಇದಲ್ಲ. ಒಂದಿಷ್ಟು ಇದ್ದೀತು, ನಾನೂ ಮನುಷ್ಯಳೇ. ಭಯ ಬೇರೆಯದು. ಅಟ್ಟ ಯಾಕೆ ಬಿತ್ತು ಎಂದು ಯಾರೂ ಯೋಚಿಸದಿದ್ದರೆ ಅದೇ ಜಾಗದಲ್ಲಿ, ಅದೇ ಎಣಿಕೆಗೆ ಮತ್ತೆ ಅಟ್ಟ ಏಳುತ್ತದೆ. ಅದರ ಕೆಳಗೆ ಮತ್ತೆ ಬೆಂಚು ಬರುತ್ತದೆ. ಬಸವ ಪ್ರತಿ ಸಲ ಬರುತ್ತಾನೆಯೇ? ಆ ಮಧ್ಯಾಹ್ನವನ್ನು ನಾನು ಮತ್ತೆ ಮತ್ತೆ ನೋಡುವಾಗ ಹಸು ಪ್ರತಿ ಸಲವೂ ಸ್ವಲ್ಪ ತಡವಾಗಿ ನುಗ್ಗುತ್ತದೆ. ಕೆಲವು ಸಲ ಮಾವ, "ಯಾವ ಬಣ್ಣದ್ದು?" ಎಂದು ಕೇಳುತ್ತಾರೆ. ನಾನು ಬಣ್ಣ ಯೋಚಿಸುತ್ತಾ ನಿಂತುಬಿಡುತ್ತೇನೆ.

ಅಂದುಕೊಂಡ ಹಾಗೇ ಆಯಿತು. ಒಲೆಯ ಹೊಗೆ ಇರುವುದು ಅಲ್ಲೇ ಆದ್ದರಿಂದ ಅಟ್ಟವೂ ಅಲ್ಲೇ ಎದ್ದಿತು. ಹೊಸ ತೊಲೆ, ಹೊಸ ದಬ್ಬೆ, ಹಳೆಯ ಲೆಕ್ಕ. "ಈ ಸಲ ತೂಕ ನೋಡಿ ಏರ್ಸೋಣ ಮಾವ" ಎಂದು ನಾನು ಮೆಲ್ಲಗೆ ಅಂದದ್ದಕ್ಕೆ ನಮ್ಮವರೇ, "ಅಟ್ಟ ಏನು ರೇಷನ್ ಅಂಗಡೀನಾ?" ಎಂದು ನಕ್ಕರು. ನಾನು ಅಡುಗೆ ಮಾಡುವಾಗ ಅರ್ಧ ಕಣ್ಣು ಒಲೆಯ ಮೇಲೆ, ಒಂದೂವರೆ ಕಣ್ಣು ತೊಲೆಯ ಮೇಲೆ ಇಡತೊಡಗಿದೆ. ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು.

ಹೊಸ ವಿಚಾರವೆಂಬುದು ಎಲ್ಲಿಂದ ಬರುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ನನಗದು ಬಂದದ್ದು ಬಾಗಿಲಿನಿಂದ. ನಮ್ಮ ಮಾವನಿಗೆ ಬಂದದ್ದು ಬೆಕ್ಕಿನಿಂದ.

ನಮ್ಮ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಇಡಲು ತೊಲೆಯಿಂದ ಒಂದು ನೆಲವು ಇಳಿಬಿಟ್ಟಿದೆ, ಹಗ್ಗದ ತೂಗುಬಲೆ. ಬೆಕ್ಕಿಗೆ ಎಟುಕದಂತೆ ಅಳತೆ ನೋಡಿ ಕಟ್ಟಿದ್ದು. ಹೊಸ ಅಟ್ಟಕ್ಕೆ ಕಾಯಿ ಏರಿಸುತ್ತಿದ್ದ ದಿನಗಳಲ್ಲಿ ಬೆಕ್ಕು ಒಂದು ಬೆಳಿಗ್ಗೆ ನೆಗೆದು ಹಾಲಿಗೆ ಬಾಯಿ ಹಾಕಿತು. ಅತ್ತೆ ಬೆಕ್ಕನ್ನು ಬೈದರು, ಆಮೇಲೆ ನನ್ನನ್ನು. ಮಾವ ಮಾತ್ರ ಅಡುಗೆಮನೆಯ ನಡುವೆ ಸೊಂಟದ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತರು. ಬೆಕ್ಕನ್ನು ನೋಡಿದರು, ಮೇಲೆ ತೂಗುತ್ತಿದ್ದ ನೆಲವನ್ನು ನೋಡಿದರು.

"ಇದು ನೆನ್ನೆಗಂಟ ಎಟುಕ್ತಿರ್ಲಿಲ್ಲ" ಎಂದರು. "ಬೆಕ್ಕು ಬೆಳೀತೋ, ನೆಲವು ಇಳೀತೋ?"

ಅಂಥ ಹೊತ್ತಿನಲ್ಲಿ ಬಾಯಿ ಹಾಕಬಾರದು ಎನ್ನುವಷ್ಟು ತರ್ಕ ನನಗೆ ಅಷ್ಟರಲ್ಲಿ ಬಂದಿತ್ತು. ಮಾವ ಹೊರಗೆ ಹೋದರು. ತಂತಿ, ಒಂದು ಗುಂಡುಕಲ್ಲು ತಂದರು. ನಡುತೊಲೆಗೆ ತಂತಿ ಬಿಗಿದು, ನೆಲದಿಂದ ಸ್ವಲ್ಪವೇ ಮೇಲೆ ಕಲ್ಲು ತೂಗುವಂತೆ ಕಟ್ಟಿದರು. ಮರುದಿನ ಸಂಜೆ, ಇನ್ನೊಂದಷ್ಟು ಕಾಯಿ ಏರಿದ ಮೇಲೆ, ಕುಕ್ಕರುಗಾಲಲ್ಲಿ ಕೂತು ಕಲ್ಲನ್ನು ನೋಡಿದರು. ಕಲ್ಲು ನೆಲಕ್ಕೆ ಇನ್ನೂ ಹತ್ತಿರವಾಗಿತ್ತು.

ಆ ದಿನದಿಂದ ಕಲ್ಲು ನಮ್ಮ ಮನೆಯ ಯಜಮಾನನಾಯಿತು. ಬಂದವರಿಗೆಲ್ಲ ಮಾವ ಅದನ್ನು ತೋರಿಸಿ, "ನಂದೇ ಐಡಿಯಾ ಕಣ್ಲಾ, ಕಲ್ಲು ನೆಲ ಮುಟ್ಟಂಗಿಲ್ಲ" ಎನ್ನುತ್ತಾರೆ. ಬುಡೇನ್ ಸಾಬರು ಅದನ್ನು ತುರುವೇಕೆರೆಯ ಸುತ್ತ ನಾಲ್ಕಾರು ಮನೆಗಳಲ್ಲಿ ಕಟ್ಟಿಕೊಟ್ಟು ತಮ್ಮದೂ ಒಂದು ಪಾಲು ಸೇರಿಸಿ ಹೇಳುತ್ತಾರಂತೆ. ನನಗೆ ಯಾವ ತಕರಾರೂ ಇಲ್ಲ. ಅಟ್ಟದ ಕೆಳಗೆ ಇರುವವಳು ನಾನು. ಐಡಿಯಾ ಯಾರದಾದರೂ ತೊಲೆ ನಿಂತರೆ ಸಾಕು.

ಈ ವರ್ಷದ ಕಾಯಿ ಮೊನ್ನೆ ಏರಿತು. ಮಾವನಿಗೆ ಈಗ ಮಂಡಿನೋವು, ಬಗ್ಗಲಾಗುವುದಿಲ್ಲ. ಗಾಡಿಯಲ್ಲಿ ಇನ್ನೂ ಕಾಲುಭಾಗ ಕಾಯಿ ಇರುವಾಗ ಏಣಿಯ ಬುಡದಿಂದಲೇ ನನ್ನನ್ನು ಕೂಗಿದರು. "ಬಾರಮ್ಮ ಇಲ್ಲಿ. ಕಲ್ಲು ಎಷ್ಟೈತೆ ನೋಡು. ನಿಂಗೆ ಇಂಥವೆಲ್ಲ ಬಿರ್ನೆ ಕಾಣ್ತವೆ."

ಇಷ್ಟು ವರ್ಷಗಳಲ್ಲಿ ಆ ವಿಚಾರವಾಗಿ ಅವರು ನನಗೆ ಹೇಳಿದ್ದು ಇದೊಂದೇ ಮಾತು. ನಾನು ಅದನ್ನು ದೊಡ್ಡದು ಮಾಡಲು ಹೋಗಲಿಲ್ಲ. ಅವರ ಎಲೆಡಿಕೆ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದುಕೊಂಡು, ನೆಲಕ್ಕೆ ಕೆನ್ನೆ ತಾಗುವಂತೆ ಬಗ್ಗಿ, ಕಲ್ಲಿನ ಕೆಳಗೆ ತೂರಿಸಿ ನೋಡಿದೆ. ಎಲೆ ತೂರಿತು, ಕಷ್ಟಪಟ್ಟು.

"ಒಂದೆಲೆ ಜಾಗ ಐತೆ ಮಾವ."

"ನಿಲ್ಸ್ರಲೇ ಸಾಕು" ಎಂದು ಮಾವ ಏಣಿಯ ಮೇಲಿದ್ದವರಿಗೆ ಕೂಗಿದರು.

ಬೇಲಿಯ ಆಚೆ ಮರುಳಪ್ಪನವರು ನಿಂತು ನೋಡುತ್ತಿದ್ದರು. "ಏನ್ಲಾ ನಂಜುಂಡ, ಗಾಡೀಲಿ ಇನ್ನೂ ಅಷ್ಟು ಕಾಯಿ ಐತೆ, ಲೆಕ್ಕ ತುಂಬಿಲ್ಲ. ಕಿರೀ ಮಗನಿಗೆ ಹೆಣ್ಣು ಕೊಡೋರು ಬಂದು ನೋಡಿದ್ರೆ ಏನಂತಾರ್ಲಾ? ಒಂದೆಲೆ ಜಾಗ ಐತಂತಲ್ಲ, ಏರ್ಸು!"

ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಆ ಎಲೆ ಜಾಗ ನಮ್ಮ ಸೊಸೆ ಅಡ್ಗೆ ಮಾಡಾಕೆ ಕಣ್ಲಾ" ಎಂದರು.

ನಾನು ಎಲೆಯ ಧೂಳನ್ನು ಸೆರಗಿಗೆ ಒರೆಸಿ, ಸುಣ್ಣ ಸವರಿ, ಮಡಿಚಿ ಅವರ ಕೈಗೆ ಕೊಟ್ಟು, ಒಲೆ ಹಚ್ಚಲು ಒಳಗೆ ಹೋದೆ.